ಬಿಡ್ರಿ ಅನ್ನಬೇಡಿ, ಬಿಡೋ ಅನ್ನಿ

ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆ ಕಲಿಸುವುದು ನನ್ನ ಕೆಲಸ. ಆದರೆ ಹೊಸ ಬ್ಯಾಚಿನ ಮೊದಲ ಭಾನುವಾರ ನಾನು ಯಾರಿಗೂ ಗುದ್ದುವುದನ್ನು ಕಲಿಸುವುದಿಲ್ಲ. ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸುತ್ತೇನೆ. ಒಬ್ಬರ ಮುಂಗೈಯನ್ನು ಇನ್ನೊಬ್ಬರು ಗಟ್ಟಿಯಾಗಿ ಹಿಡಿಯಬೇಕು. ‘ಬಿಡಿಸಿಕೊಳ್ಳೋದು ಆಮೇಲೆ, ಈಗ ಬರೀ ಕೂಗಿ’ ಅನ್ನುತ್ತೇನೆ. ಬಾಗಲಕೋಟೆ ನವನಗರದ ನಮ್ಮ ಸಮುದಾಯ ಭವನದಲ್ಲಿ ಪ್ರತಿ ಸಲ ಕೇಳಿಬರುವುದು ಒಂದೇ ಮಾತು: ‘ಬಿಡ್ರಿ... ಕೈ ಬಿಡ್ರಿ.’

ನಮ್ಮ ಕಡೆಯ ಮಾತಿಗೆ ಆ ‘ರಿ’ಯೇ ಚೆಂದ. ಹಾಲಿನವನಿಗೂ ರಿ, ಕಂಡಕ್ಟರಿಗೂ ರಿ, ಮನೆಯ ಗಂಡಸರಿಗಂತೂ ಕೇಳುವುದೇ ಬೇಡ. ನನಗೂ ಅದು ಇಷ್ಟ. ಆದರೆ ಕೈ ಹಿಡಿದು ಎಳೆಯುವವನಿಗೂ ರಿ ಹಚ್ಚಿದರೆ ದೂರದಲ್ಲಿ ಇದ್ದವರಿಗೆ ಅದು ಗಂಡ-ಹೆಂಡತಿ ಜಗಳದ ಹಾಗೆ ಕೇಳಿಸುತ್ತದೆ. ಯಾರೂ ಓಡಿ ಬರುವುದಿಲ್ಲ. ಅದಕ್ಕೇ ಮೊದಲ ಅರ್ಧ ಗಂಟೆ ಹೊಟ್ಟೆಯಿಂದ ಉಸಿರು ಎಳೆದು ‘ಬಿಡೋ!’ ಅನ್ನುವುದಷ್ಟೇ ನಮ್ಮ ಪಾಠ. ನಗುತ್ತಾರೆ, ನಾಚುತ್ತಾರೆ, ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಚಿಕ್ಕಂದಿನಿಂದ ‘ಹೆಣ್ಣುಹುಡುಗಿ, ದನಿ ತಗ್ಗಿಸು’ ಅಂತ ಕೇಳಿ ಬೆಳೆದ ಗಂಟಲು ಅಷ್ಟು ಬೇಗ ತೆರೆಯುವುದಿಲ್ಲ.

ಇದು ನನಗೆ ತಡವಾಗಿ ಹೊಳೆಯಿತು. ಶುರುವಿನ ವರ್ಷಗಳಲ್ಲಿ ನಾನೂ ಒದೆ, ಬ್ಲಾಕ್, ಬೆಲ್ಟು ಅಂತಲೇ ಕಲಿಸುತ್ತಿದ್ದೆ. ಆಗಿನ ನನ್ನ ಒಳ್ಳೆಯ ವಿದ್ಯಾರ್ಥಿನಿಯೊಬ್ಬಳು ಗುಳೇದಗುಡ್ಡದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಒಂದು ದಿನ ಪಕ್ಕದಲ್ಲಿ ಕೂತ ಗಂಡಸು ದಾರಿಯುದ್ದಕ್ಕೂ ಮೈ ತಾಗಿಸಿಕೊಂಡು ಬಂದ. ಅವಳ ಒದೆ ಎದೆಯೆತ್ತರಕ್ಕೆ ಹೋಗುತ್ತಿತ್ತು. ಆದರೂ ಬಾಯಿಂದ ಒಂದು ಮಾತು ಹೊರಡಲಿಲ್ಲ. ‘ಅಪ್ಪಗ ಗುರುತಿನವ್ರು ಅವ್ರು, ಏನಂತ ಅನ್ಲಿ ಅಕ್ಕಾರ?’ ಅಂತ ಅತ್ತಳು. ಅವತ್ತು ತಪ್ಪಿದ್ದು ನನ್ನ ಪಾಠ, ಅವಳಲ್ಲ.

ನಾವು ಕತ್ತಲ ಗಲ್ಲಿಯ ಅಪರಿಚಿತನಿಗೆ ಹೆದರುತ್ತೇವೆ, ಅಲ್ವಾ? ಆದರೆ ದೇಶದ ಅಪರಾಧಗಳ ಲೆಕ್ಕ ಇಡುವ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ (ಎನ್‌ಸಿಆರ್‌ಬಿ) ವರದಿಗಳನ್ನು ನೋಡಿ. ಅತ್ಯಾಚಾರ ಪ್ರಕರಣಗಳಲ್ಲಿ 10ರಲ್ಲಿ 9ಕ್ಕಿಂತ ಜಾಸ್ತಿ ಆರೋಪಿಗಳು ಹೆಣ್ಣಿಗೆ ಗುರುತಿದ್ದವರೇ. ಅಂದರೆ ರಿ ಹಚ್ಚಿ ಮಾತಾಡಿಸಿದವರೇ. ಕೆನಡಾದ 3 ವಿಶ್ವವಿದ್ಯಾಲಯಗಳಲ್ಲಿ 893 ವಿದ್ಯಾರ್ಥಿನಿಯರ ಮೇಲೆ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅದರಲ್ಲಿ ಕೊಟ್ಟ ತರಬೇತಿ ಒಟ್ಟು 12 ಗಂಟೆ. ಗುರುತಿನವರಿಂದ ಬರುವ ಅಪಾಯವನ್ನು ಬೇಗ ಗುರುತಿಸುವುದು, ಅವರಿಗೆ ಎದುರು ಮಾತಾಡಲು ಇರುವ ಮುಜುಗರ ಬಿಡುವುದು, ಆಮೇಲೆ ಮೈಯಿಂದ ಎದುರಿಸುವುದು ಅದರ ಪಾಠಗಳು. ಒಂದು ವರ್ಷದಲ್ಲಿ ಅತ್ಯಾಚಾರಕ್ಕೆ ಒಳಗಾದವರು ತರಬೇತಿ ಪಡೆದವರಲ್ಲಿ ಶೇ. 5.2, ಪಡೆಯದವರಲ್ಲಿ ಶೇ. 9.8. ಹೆಚ್ಚುಕಡಿಮೆ ಅರ್ಧ! ನಾವೂ ಅಷ್ಟೇ ಗಂಟೆ ಇಟ್ಟುಕೊಂಡಿದ್ದೇವೆ: 8 ಭಾನುವಾರ, ದಿನಕ್ಕೆ ಒಂದೂವರೆ ಗಂಟೆ. ಫೀಸು ಇಲ್ಲ. ಫೀಸು ಇಲ್ಲದಿದ್ದರೂ ಮನೆಯಿಂದ ಹೊರಡಲು ಒಪ್ಪಿಗೆ ಬೇಕಲ್ಲ, ಅದಕ್ಕೆ ಅತ್ತೆಯರನ್ನೂ ಕರೆಯುತ್ತೇನೆ. ಅತ್ತೆ ಬಂದರೆ ಸೊಸೆಯ ಹಾಜರಿ ತಪ್ಪುವುದಿಲ್ಲ.

ಇನ್ನು ಕೈ ಬಿಡಿಸಿಕೊಳ್ಳುವ ವಿಷಯ. ನಿಮ್ಮ ಮುಂಗೈ ಹಿಡಿದವನ ಕೈ ನೋಡಿ. ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳು ಒಂಟಿ. ಹೆಬ್ಬೆರಳೂ ಬೆರಳ ತುದಿಗಳೂ ಕೂಡುವ ಸಂದಿಯೇ ನಿಮಗೆ ಬಾಗಿಲು. ಎಲ್ಲರೂ ಹಿಂದಕ್ಕೆ ಜಗ್ಗುತ್ತಾರೆ. ಆಗ ಅದು ಬರೀ ಬಲದ ಆಟ, ಅವನೇ ಗೆಲ್ಲುತ್ತಾನೆ. ಬದಲಿಗೆ ಒಂದು ಹೆಜ್ಜೆ ಅವನ ಕಡೆಗೇ ಇಡಿ. ಮೊಣಕೈ ಅವನ ಹೊಟ್ಟೆಯ ಕಡೆ ಬರಲಿ. ಮುಂಗೈಯ ತೆಳು ಅಂಚನ್ನು ಆ ಸಂದಿಗೆ ತಿರುಗಿಸಿ ಒಮ್ಮೆಲೇ ಎಳೆಯಿರಿ. ಮೊದಲ ಸಲ ಕೈ ಬಿಟ್ಟಾಗ ಹೆಣ್ಣುಮಕ್ಕಳು ತಮ್ಮ ಮುಂಗೈಯನ್ನೇ ನೋಡಿಕೊಳ್ಳುತ್ತಾ ನಿಲ್ಲುವುದನ್ನು ನಾನು ಎಷ್ಟು ಸಲ ಕಂಡರೂ ಸಾಕಾಗುವುದಿಲ್ಲ.

ಮುಷ್ಟಿ ಕಟ್ಟಿ ಗುದ್ದಬೇಡಿ, ಅಭ್ಯಾಸವಿಲ್ಲದ ಬೆರಳ ಮೂಳೆ ಮುರಿಯುತ್ತದೆ. ಜೋಳದ ಹಿಟ್ಟು ನಾದುವಾಗ ಅಂಗೈಯ ಬುಡ ಒತ್ತುತ್ತೀರಲ್ಲ, ಅದೇ ಜಾಗದಿಂದ ಗದ್ದಕ್ಕೋ ಮೂಗಿಗೋ ಕೆಳಗಿನಿಂದ ಮೇಲಕ್ಕೆ ಹೊಡೆಯಿರಿ. ದಿನಾ ರೊಟ್ಟಿ ಬಡಿಯುವ ಕೈಗೆ ಇದನ್ನು ಎರಡು ಸಲ ಹೇಳಬೇಕಿಲ್ಲ. ಟ್ರ್ಯಾಕ್ ಪ್ಯಾಂಟ್ ತರಬೇಡಿ, ದಿನಾ ಉಡುವ ಸೀರೆಯಲ್ಲೇ ಬನ್ನಿ ಅನ್ನುತ್ತೇನೆ. ಇಳಕಲ್ ಸೀರೆಯ ನಿರಿಗೆಯಲ್ಲಿ ಕಾಲು ಎತ್ತಿ ಒದೆಯಲು ಆಗುವುದಿಲ್ಲ, ಆದರೆ ಹಿಮ್ಮಡಿಯಿಂದ ಅವನ ಪಾದದ ಮೇಲೆ ತುಳಿಯಬಹುದು. ಹಿಂದಿನಿಂದ ಜಡೆ ಹಿಡಿದರೆ ಅವನ ಕೈಯನ್ನು ನಿಮ್ಮ ಎರಡೂ ಕೈಯಿಂದ ತಲೆಗೇ ಒತ್ತಿ ಹಿಡಿದು, ಅವನ ಕಡೆ ತಿರುಗಿ. ಬಿಟ್ಟ ಕೂಡಲೇ ಓಡಿ. ಅಲ್ಲೇ ನಿಂತು ಗೆಲ್ಲಬೇಕಿಲ್ಲ.

‘ಹೊಡೆದ್ರ ಕೇಸ್ ನನ್ನ ಮ್ಯಾಲ ಆಗೂದಿಲ್ಲೇನ್ರಿ?’ ಅಂತ ಪ್ರತಿ ಬ್ಯಾಚಿನಲ್ಲೂ ಕೇಳುತ್ತಾರೆ. 2024ರ ಜುಲೈ 1ರಂದು ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಯ ಹಕ್ಕಿಗೇ ಮೀಸಲು. ಪಾರಾಗಲು ಬೇಕಾದಷ್ಟು ಹೊಡೆಯಬಹುದು. ಅವನು ಓಡಿಹೋದ ಮೇಲೆ ಬೆನ್ನಟ್ಟಿ ಹೊಡೆದರೆ ಅದು ಬೇರೆ. ತುರ್ತು ಕರೆಯ ನಂಬರ್ 112 ಮತ್ತು ಮಹಿಳಾ ಸಹಾಯವಾಣಿ 181 ಅನ್ನು ಅಲ್ಲೇ ಕೂರಿಸಿ ಮೊಬೈಲಿಗೆ ಹಾಕಿಸುತ್ತೇನೆ. ಘಟನೆ ಎಲ್ಲೇ ನಡೆದಿರಲಿ, ಹತ್ತಿರದ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು.

ಏನೂ ಮಾಡಲು ಆಗದೆ ಮೈ ಮರಗಟ್ಟಿತು ಅಂತ ಹಳೆಯ ನೋವು ಹೇಳಿಕೊಳ್ಳುವವರೂ ಇದ್ದಾರೆ. ಹೆದರಿದ ದೇಹ ಹಾಗೆ ಮಾಡುತ್ತದೆ. ಅದರಲ್ಲಿ ನಿಮ್ಮ ತಪ್ಪು ಒಂದಿಷ್ಟೂ ಇಲ್ಲ.

ಏಳನೇ ಭಾನುವಾರದ್ದೇ ಎಲ್ಲಕ್ಕಿಂತ ಕಷ್ಟದ ಪಾಠ. ಎರಡು ಕುರ್ಚಿ ಜೋಡಿಸಿ, ನಾನೇ ‘ಗಂಡನ ಗೆಳೆಯ’ ಆಗಿ ತೀರಾ ಹತ್ತಿರ ಕೂರುತ್ತೇನೆ. ಒಮ್ಮೆ ರಿ ಹಚ್ಚಿ ಹೇಳಿ, ಎರಡನೇ ಸಲ ರಿ ಬೇಡ ಅನ್ನುವುದು ನಿಯಮ. ಕಳೆದ ಬ್ಯಾಚಿನಲ್ಲಿ ಖಣ ನೇಯುವ ಮನೆಯ ಅಕ್ಕ ಒಬ್ಬರಿದ್ದರು, ವಯಸ್ಸು ನಲವತ್ತು ದಾಟಿದೆ. ‘ಸರದ ಕೂಡ್ರಿ’ ಅಂದರು. ನಾನು ಕದಲಲಿಲ್ಲ. ‘ಸರದ ಕೂಡ್ರಿ’ ಅಂತಲೇ ಮತ್ತೆ ಎರಡು ಸಲ ಅಂದರು, ದನಿ ಇನ್ನೂ ತಗ್ಗಿತು. ಆಮೇಲೆ ಎದ್ದು ನಿಂತು, ಬೆರಳು ತೋರಿಸಿ, ‘ಏ, ಸರಿ ಆ ಕಡೆ!’ ಅಂದರು. ಭವನದ ಹೊರಗೆ ಸೈಕಲ್ ತಿರುಗಿಸುತ್ತಿದ್ದ ಹುಡುಗರು ಕಿಟಕಿಗೆ ಬಂದು ಇಣುಕಿದರು. ಅಕ್ಕ ಕೂತು ಒಂದು ತಂಬಿಗೆ ನೀರು ಕುಡಿದು, ‘ಇನ್ನೊಮ್ಮೆ ಮಾಡೂಣೇನ್ರಿ?’ ಅಂತ ಕೇಳಿದರು.