ಗೇಮಿಂಗ್ ಕಂಪ್ಯೂಟರಿಗೆ ಯಾವುದು: ಹಾರ್ಡ್ ಡಿಸ್ಕೋ, ಸಾಟಾ ಎಸ್‌ಎಸ್‌ಡಿಯೋ, ಎನ್‌ವಿಎಂಇಯೋ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರದ ಹಳ್ಳಿ. ಕಂಪ್ಯೂಟರಿನಲ್ಲಿ 1 ಟಿಬಿ ಹಾರ್ಡ್ ಡಿಸ್ಕ್ ಮಾತ್ರ ಇದೆ. ದೊಡ್ಡ ಗೇಮ್ ತೆರೆದರೆ ಲೋಡ್ ಆಗುತ್ತಲೇ ಇರುತ್ತದೆ, ಆಡುವಾಗಲೂ ನಡುನಡುವೆ ತಡೆದು ನಿಲ್ಲುತ್ತದೆ. ಹಾಸನಕ್ಕೆ ಹೋದಾಗ ಹೊಸ ಡ್ರೈವ್ ತರಬೇಕೆಂದಿದ್ದೇನೆ. ಯಾವುದು ತರಲಿ? ಹಳೆಯದನ್ನು ತೆಗೆದುಬಿಡಬೇಕೇ?

ಉತ್ತರ: ಮದರ್‌ಬೋರ್ಡಿನಲ್ಲಿ ಎನ್‌ವಿಎಂಇ ಒಪ್ಪುವ ಎಂ.2 ಸ್ಲಾಟ್ (ಪಟ್ಟಿಯಂಥ ಡ್ರೈವ್ ಕೂರಿಸುವ ಜಾಗ) ಇದ್ದರೆ 1 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ ತನ್ನಿ. ಇಲ್ಲದಿದ್ದರೆ ಅಷ್ಟೇ ಗಾತ್ರದ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ತನ್ನಿ. ಎಸ್‌ಎಸ್‌ಡಿ ಎಂದರೆ ಚಿಪ್ಪಿನಲ್ಲಿ ಮಾಹಿತಿ ಇಡುವ ಡ್ರೈವ್. ಸಾಟಾ, ಎನ್‌ವಿಎಂಇ ಎಂಬುವು ಅದು ಕಂಪ್ಯೂಟರಿನೊಂದಿಗೆ ಮಾತಾಡುವ ಎರಡು ದಾರಿ, ಎನ್‌ವಿಎಂಇ ಹೆಚ್ಚು ವೇಗದ್ದು. ಹಳೆಯ ಹಾರ್ಡ್ ಡಿಸ್ಕ್ ಕೆಟ್ಟಿಲ್ಲವಾದರೆ ತೆಗೆಯಬೇಡಿ. ನಿಮ್ಮ ಊರಿನಲ್ಲಿ ಅದಕ್ಕೆ ಇನ್ನೂ ಕೆಲಸವಿದೆ.

ಮೊದಲು ಗೇಮ್ ಏಕೆ ತಡೆಯುತ್ತದೆ ಎಂಬುದನ್ನು ನೋಡೋಣ. ಹಾರ್ಡ್ ಡಿಸ್ಕಿನೊಳಗೆ ತಟ್ಟೆಯೊಂದು ನಿಮಿಷಕ್ಕೆ 7200 ಸುತ್ತು ತಿರುಗುತ್ತಿರುತ್ತದೆ. ಬೇಕಾದ ಫೈಲಿನ ತುಣುಕು ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅಂದರೆ ಸುಮಾರು 4 ಮಿಲಿಸೆಕೆಂಡು. ಮುಳ್ಳು ಆ ಜಾಗಕ್ಕೆ ಸರಿಯಲು ಇನ್ನೂ 8–9 ಮಿಲಿಸೆಕೆಂಡು ಬೇಕು. ಹೀಗೆ ಅಲ್ಲಲ್ಲಿ ಚದುರಿದ ಚಿಕ್ಕ ತುಣುಕುಗಳನ್ನು ಅದು ಸೆಕೆಂಡಿಗೆ 80ರಷ್ಟು ಮಾತ್ರ ಹೆಕ್ಕಿ ತರಬಲ್ಲದು. ನೀವು ಗೇಮಿನಲ್ಲಿ ಕಾರು ಓಡಿಸುತ್ತಾ ಹೊಸ ಬೀದಿಗೆ ತಿರುಗಿದಾಗ ಗೋಡೆ, ಮರ, ಜನ, ಸದ್ದು ಎಲ್ಲವೂ ಒಟ್ಟಿಗೇ ಬೇಕಾಗುತ್ತವೆ. ಡಿಸ್ಕ್ ಅಷ್ಟನ್ನು ಒದಗಿಸಲಾರದೆ ಚಿತ್ರ ನಿಂತುಬಿಡುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಸಾಧಾರಣ ಸಾಟಾ ಎಸ್‌ಎಸ್‌ಡಿ ಕೂಡ ಅಂಥ ತುಣುಕುಗಳನ್ನು ಸೆಕೆಂಡಿಗೆ ಹತ್ತಾರು ಸಾವಿರ ಓದುತ್ತದೆ. ಸ್ಟಾರ್‌ಫೀಲ್ಡ್ ಎಂಬ ಗೇಮ್ 2023ರಲ್ಲಿ ಬಂದಾಗ ಕನಿಷ್ಠ ಅಗತ್ಯಗಳ ಪಟ್ಟಿಯಲ್ಲೇ ಎಸ್‌ಎಸ್‌ಡಿ ಇತ್ತು. ಅದೇ ವರ್ಷ ಸೈಬರ್‌ಪಂಕ್ 2077 ಕೂಡ ತನ್ನ ಪಟ್ಟಿಯಿಂದ ಹಾರ್ಡ್ ಡಿಸ್ಕನ್ನು ಕೈಬಿಟ್ಟಿತು.

ಒಂದು ತಪ್ಪು ನಿರೀಕ್ಷೆ ಬೇಡ. ಎಸ್‌ಎಸ್‌ಡಿ ಹಾಕಿದರೆ ಲೋಡಿಂಗ್ ಬೇಗ ಮುಗಿಯುತ್ತದೆ, ತಡೆದು ನಿಲ್ಲುವುದು ಬಹಳಷ್ಟು ತಪ್ಪುತ್ತದೆ. ಆದರೆ 40 ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಬರುತ್ತಿದ್ದ ಕಡೆ 60 ಬರುವುದಿಲ್ಲ. ಅದು ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರ್ ಮಾಡುವ ಕೆಲಸ.

ಇನ್ನು ಡಬ್ಬದ ಮೇಲಿನ ಅಂಕಿಗಳು. ಹಾರ್ಡ್ ಡಿಸ್ಕ್ ಸೆಕೆಂಡಿಗೆ 150–200 ಎಂಬಿ, ಸಾಟಾ ಎಸ್‌ಎಸ್‌ಡಿ 550, ಜೆನ್ 3 (ಮೂರನೇ ತಲೆಮಾರಿನ) ಎನ್‌ವಿಎಂಇ 3500, ಜೆನ್ 4 ಸುಮಾರು 7000, ಜೆನ್ 5 ಹತ್ತು ಸಾವಿರಕ್ಕೂ ಮೇಲೆ. ಕೊನೆಯ ಅಂಕಿ ನೋಡಿ ಮರುಳಾಗುವುದು ಸುಲಭ. ಆದರೆ ಗೇಮಿನ ಫೈಲುಗಳು ಒತ್ತಿ ಕಟ್ಟಿದ ಮೂಟೆಯಂತಿರುತ್ತವೆ, ಅದನ್ನು ಬಿಚ್ಚುವುದು ಹೆಚ್ಚಾಗಿ ಪ್ರೊಸೆಸರ್. ಡ್ರೈವ್ ಎಷ್ಟೇ ವೇಗವಾಗಿ ಮೂಟೆ ತಂದು ಹಾಕಿದರೂ ಬಿಚ್ಚುವವರ ಕೈ ಓಡುವಷ್ಟೇ ಕೆಲಸ. ಹಾಗಾಗಿ ಹಾರ್ಡ್ ಡಿಸ್ಕಿನಿಂದ ಸಾಟಾ ಎಸ್‌ಎಸ್‌ಡಿಗೆ ಬಂದಾಗ ಸಿಗುವ ಬದಲಾವಣೆ ದೊಡ್ಡದು. ಅಲ್ಲಿಂದ ಎನ್‌ವಿಎಂಇಗೆ ಹೋದರೆ ಹೆಚ್ಚಿನ ಗೇಮ್‌ಗಳಲ್ಲಿ ಉಳಿಯುವುದು ಕೆಲವೇ ಸೆಕೆಂಡು. ಜೆನ್ 5 ವಿಪರೀತ ಬಿಸಿಯಾಗುತ್ತದೆ, ಒಳ್ಳೆಯ ಹೀಟ್‌ಸಿಂಕ್ (ಬಿಸಿ ಹೀರುವ ಲೋಹದ ತುಂಡು) ಬೇಡುತ್ತದೆ. ಗೇಮಿಗಾಗಿ ಅದಕ್ಕೆ ದುಡ್ಡು ಹಾಕಬೇಡಿ. ಅದೇ ದುಡ್ಡಿನಲ್ಲಿ ಜಾಗ ಹೆಚ್ಚಿಸಿಕೊಳ್ಳಿ.

ವೇಗಕ್ಕಿಂತ ನೋಡಬೇಕಾದದ್ದು ಒಳಗಿನ ಚಿಪ್ಪಿನ ಬಗೆ. ಟಿಎಲ್‌ಸಿ (ಒಂದು ಕೋಶದಲ್ಲಿ ಮೂರು ಬಿಟ್ ಇಡುವ ಬಗೆ) ಇರುವುದನ್ನು ಕೇಳಿ. ನಾಲ್ಕು ಬಿಟ್ ಇಡುವ ಕ್ಯೂಎಲ್‌ಸಿ ಅಗ್ಗ, ಆಡಲು ತೊಂದರೆಯಿಲ್ಲ. ಆದರೆ 100 ಜಿಬಿ ಗೇಮನ್ನು ಒಮ್ಮೆಗೇ ಅದಕ್ಕೆ ಬರೆಯುವಾಗ, ಅದರಲ್ಲೂ ಡ್ರೈವ್ ತುಂಬುತ್ತಾ ಬಂದಿದ್ದರೆ, ವೇಗ ಹಾರ್ಡ್ ಡಿಸ್ಕಿನ ಮಟ್ಟಕ್ಕೆ ಇಳಿದುಬಿಡಬಹುದು. ಯಾವ ಎಸ್‌ಎಸ್‌ಡಿಯಾದರೂ ಶೇ 10–15 ಜಾಗ ಖಾಲಿ ಬಿಡಿ. 1 ಟಿಬಿ ಎಂದು ಕೊಂಡದ್ದು ವಿಂಡೋಸ್‌ನಲ್ಲಿ 931 ಜಿಬಿ ಎಂದು ತೋರಿಸುತ್ತದೆ. ಎಣಿಸುವ ರೀತಿ ಬೇರೆ, ಅಷ್ಟೇ, ಮೋಸವಲ್ಲ.

ಹಳೆಯ ಡಿಸ್ಕಿನ ಕೆಲಸಕ್ಕೆ ಬರೋಣ. ನಿಮ್ಮ ನೆಟ್ ಸೆಕೆಂಡಿಗೆ 40 ಮೆಗಾಬಿಟ್ ಎಂದುಕೊಂಡರೂ 100 ಜಿಬಿ ಗೇಮ್ ಇಳಿಯಲು ಐದೂವರೆ ಗಂಟೆ ಬೇಕು, ಅದೂ ನಡುವೆ ಕರೆಂಟ್ ಹೋಗದಿದ್ದರೆ. ಅದೇ ಗೇಮ್ ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಬರಲು ಹದಿನೈದು ಇಪ್ಪತ್ತು ನಿಮಿಷ ಸಾಕು. ಆದ್ದರಿಂದ ಆಡಿ ಮುಗಿಸಿದ ಗೇಮನ್ನು ಅಳಿಸಬೇಡಿ. ಹಾರ್ಡ್ ಡಿಸ್ಕನ್ನು ಅಟ್ಟದಂತೆ ಬಳಸಿ. ಗೇಮ್ ಕೊಂಡು ಆಡಿಸುವ ಸ್ಟೀಮ್ ತಂತ್ರಾಂಶ ನಿಮ್ಮದಾದರೆ ಅದರ ಸೆಟ್ಟಿಂಗ್ಸ್ ಒಳಗೆ ಸ್ಟೋರೇಜ್ ತೆರೆದು ಎರಡೂ ಡ್ರೈವ್ ಸೇರಿಸಿ. ಗೇಮನ್ನು ಆರಿಸಿ ‘ಮೂವ್’ ಒತ್ತಿದರೆ ಅದೇ ಸಾಗಿಸುತ್ತದೆ. ಫೋಲ್ಡರನ್ನು ಕೈಯಾರೆ ಎಳೆದು ಹಾಕಿದರೆ ಸ್ಟೀಮ್‌ಗೆ ಗೇಮ್ ಸಿಗದೆ ಮತ್ತೆ ಡೌನ್‌ಲೋಡ್ ಮಾಡಲು ಹೊರಡುತ್ತದೆ.

ಕೊಳ್ಳುವ ಮುಂಚೆ ಸ್ಟಾರ್ಟ್ ಮೆನುವಿನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ತೆರೆದು ‘ಬೇಸ್‌ಬೋರ್ಡ್ ಪ್ರಾಡಕ್ಟ್’ ಎಂಬಲ್ಲಿರುವ ಹೆಸರು ಬರೆದುಕೊಳ್ಳಿ, ಆ ಬೋರ್ಡಿನ ಕೈಪಿಡಿ ತೆಗೆದು ನೋಡಿ. ಜನ ಹೆಚ್ಚಾಗಿ ಎಡವುವುದು ಇಲ್ಲೇ. ಎಂ.2 ಎಂಬುದು ಆಕಾರದ ಹೆಸರು, ವೇಗದ್ದಲ್ಲ. 22 ಮಿ.ಮೀ. ಅಗಲ, 80 ಮಿ.ಮೀ. ಉದ್ದದ ಅದೇ ಪಟ್ಟಿ ಸಾಟಾ ಆಗಿಯೂ ಸಿಗುತ್ತದೆ. ಅಂಚಿನಲ್ಲಿ ಒಂದೇ ಕಚ್ಚು ಇದ್ದರೆ ಸಾಮಾನ್ಯವಾಗಿ ಎನ್‌ವಿಎಂಇ, ಎರಡು ಇದ್ದರೆ ಸಾಮಾನ್ಯವಾಗಿ ಸಾಟಾ. ಎನ್‌ವಿಎಂಇ ಮಾತ್ರ ಒಪ್ಪುವ ಸ್ಲಾಟಿನಲ್ಲಿ ಸಾಟಾ ಪಟ್ಟಿ ಕೂರುತ್ತದೆ, ಆದರೆ ಕಂಪ್ಯೂಟರಿಗೆ ಕಾಣಿಸುವುದಿಲ್ಲ. ಕೆಲವು ಬೋರ್ಡುಗಳಲ್ಲಿ ಎಂ.2 ಬಳಸಿದೊಡನೆ ಒಂದೆರಡು ಸಾಟಾ ಪೋರ್ಟ್ ಸತ್ತುಹೋಗುತ್ತವೆ. ಹಳೆಯ ಡಿಸ್ಕ್ ಮಾಯವಾದರೆ ಅದರ ಕೇಬಲನ್ನು ಬೇರೆ ಪೋರ್ಟಿಗೆ ಹಾಕಿ. ಎಚ್81 ಚಿಪ್‌ಸೆಟ್ಟಿನಂಥ ಹಳೆಯ ಬೋರ್ಡಾದರೆ ಸಾಟಾ ಎಸ್‌ಎಸ್‌ಡಿಯೇ ಸರಿ. ಅದರಲ್ಲಿ ಎರಡು ಪೋರ್ಟ್ ಮಾತ್ರ ಸೆಕೆಂಡಿಗೆ 6 ಗಿಗಾಬಿಟ್ ವೇಗದವು, ಕೈಪಿಡಿ ನೋಡಿ ಅವುಗಳಲ್ಲೇ ಒಂದಕ್ಕೆ ಜೋಡಿಸಿ.

ಜೋಡಿಸುವಾಗ ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಬರೀ ಲೋಹ ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ತು ಕಳೆದುಕೊಳ್ಳಿ. ಪಟ್ಟಿಯನ್ನು ಸುಮಾರು 30 ಡಿಗ್ರಿ ಓರೆಯಾಗಿ ಕೊನೆಯವರೆಗೂ ತಳ್ಳಿ, ಆಮೇಲೆ ಒತ್ತಿ ಮಲಗಿಸಿ ಸ್ಕ್ರೂ ಹಾಕಿ. ಆ ಸ್ಕ್ರೂ ಅಕ್ಕಿಕಾಳಿನಷ್ಟೇ ಇರುತ್ತದೆ. ಬೋರ್ಡಿನ ಡಬ್ಬದಲ್ಲಿ ಇಲ್ಲದಿದ್ದರೆ ಅಂಗಡಿಯಲ್ಲೇ ಕೇಳಿ ತನ್ನಿ, ಮನೆಯ ಬೇರೆ ಸ್ಕ್ರೂ ತುರುಕಬೇಡಿ. ಹೀಟ್‌ಸಿಂಕ್ ಇದ್ದರೆ ಅದರ ಪ್ಯಾಡಿನ ಮೇಲಿನ ತೆಳು ಪ್ಲಾಸ್ಟಿಕ್ ಸುಲಿಯಿರಿ. ಡ್ರೈವಿನ ಸ್ಟಿಕ್ಕರ್ ಕೀಳಬೇಡಿ, ವಾರಂಟಿ ಹೋಗುತ್ತದೆ. ವಿಂಡೋಸನ್ನು ಹೊಸದರ ಮೇಲೆ ಹಾಕುವಾಗ ಹಳೆಯ ಡಿಸ್ಕಿನ ಕೇಬಲ್ ಕಿತ್ತಿಡಿ. ಇಲ್ಲದಿದ್ದರೆ ಬೂಟ್ ಫೈಲುಗಳು ಅದರಲ್ಲೇ ಉಳಿದು, ಮುಂದೆ ಆ ಡಿಸ್ಕ್ ಕೆಟ್ಟ ದಿನ ಕಂಪ್ಯೂಟರೇ ಏಳುವುದಿಲ್ಲ. ಹೊಸ ಡ್ರೈವ್ ಬರೀ ಗೇಮಿಗೆಂದಾದರೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಜಿಪಿಟಿ (ಡ್ರೈವಿನ ಭಾಗಗಳನ್ನು ಗುರುತಿಡುವ ಕ್ರಮ) ಆರಿಸಿ, ಹೊಸ ವಾಲ್ಯೂಮ್ ಮಾಡಿ. ಅಲ್ಲಿಯವರೆಗೆ ಅದು ‘ದಿಸ್ ಪಿಸಿ’ಯಲ್ಲಿ ಕಾಣದು.

ಮಳೆಗಾಲದ ಕರೆಂಟಿನ ಮಾತು ಬಿಡುವಂತಿಲ್ಲ. ಬರೆಯುತ್ತಿರುವಾಗ ಕರೆಂಟ್ ಹೋದರೆ ಹಾರ್ಡ್ ಡಿಸ್ಕೇ ಇರಲಿ, ಎಸ್‌ಎಸ್‌ಡಿಯೇ ಇರಲಿ, ಗೇಮ್ ಸೇವ್ ಹಾಳಾಗಬಹುದು. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವಾಟ್ ಮಾತ್ರ ತಡೆಯುತ್ತದೆ, ಗೇಮ್ ಓಡುತ್ತಿರುವಾಗ ಅದು ಕೂಗಿ ಕೈಕೊಡಬಹುದು. 1000 ವಿಎ ಮೇಲಿನದು ನೋಡಿ. ಮನೆಯ ಇನ್ವರ್ಟರಿಗೇ ಜೋಡಿಸಿದ್ದರೆ ಅದು ಸೈನ್ ವೇವ್ ಆಗಿರಲಿ, ಸ್ವಿಚ್ ಯುಪಿಎಸ್ ಮೋಡಿನಲ್ಲಿರಲಿ. ಗುಡುಗು ಶುರುವಾದರೆ ಆಟ ನಿಲ್ಲಿಸಿ ಕಂಪ್ಯೂಟರಿನ ಪ್ಲಗ್ ಜೊತೆಗೆ ನೆಟ್ಟಿನ ಕೇಬಲನ್ನೂ ಕಿತ್ತುಬಿಡಿ.