ಉಬ್ಬರ ಬಂದಾಗ ರಾಜಹಂಸ ಎಲ್ಲಿಗೆ ಹೋಗುತ್ತದೆ?

ಅಂಕೋಲೆಯಿಂದ ಬಂದಿದ್ದ ಅತ್ತೆಯನ್ನು ಫೆಬ್ರವರಿಯಲ್ಲಿ ನವಿ ಮುಂಬಯಿಯ ಐರೋಲಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿಂದ ಥಾಣೆ ಖಾಡಿಯೊಳಗೆ, ಅಂದರೆ ಸಮುದ್ರ ಒಳಚಾಚಿದ ಹಿನ್ನೀರಿನೊಳಗೆ, ದೋಣಿ ಹೋಗುತ್ತದೆ. ಅದು ಹೊರಡುವ ಹೊತ್ತು ದಿನಾ ಒಂದೇ ಅಲ್ಲ, ಉಬ್ಬರ ಇಳಿತ ನೋಡಿ ಬದಲಾಗುತ್ತದೆ. ದಡದ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ನೋಡಿ ಅತ್ತೆಗೆ ಊರಿನ ಗಂಗಾವಳಿ ಹೊಳೆ ನೆನಪಾಯಿತು. ಅಷ್ಟರಲ್ಲಿ ಗಾಳಿ ತಿರುಗಿತು, ಸೆರಗು ಮೂಗಿಗೆ ಬಂತು.

"ಈ ಗಟಾರದ ನೀರಲ್ಲಿ ಹಕ್ಕಿ ಇರ್ತದ್ಯೇನೋ?"

ಇರುತ್ತದೆ, ಒಂದೆರಡಲ್ಲ. ಮಳೆಗಾಲ ಮುಗಿದ ಮೇಲೆ ಕಛ್ ಕಡೆಯಿಂದ ಬಂದು ಮೇ ತನಕ ಉಳಿಯುವ ರಾಜಹಂಸಗಳ (ಫ್ಲೆಮಿಂಗೊ) ಲೆಕ್ಕ ಕೆಲವು ವರ್ಷ ಲಕ್ಷ ದಾಟಿದ್ದೂ ಇದೆ. ಬಹುಪಾಲು ಸಣ್ಣ ಜಾತಿಯವು. ಅವು ಬರುವುದಕ್ಕೆ ಗಟಾರವೂ ಒಂದು ಕಾರಣ! ಊರಿನ ಕೊಳಚೆ ಹೊತ್ತು ತರುವ ಸಾರಜನಕ, ರಂಜಕ ತಿಂದು ಕೆಸರಿನ ಮೇಲೆ ಪಾಚಿ ಹುಲುಸಾಗಿ ಬೆಳೆಯುತ್ತದೆ. ಅದೇ ಇವುಗಳ ಊಟ.

ತಿನ್ನುವುದನ್ನು ಹತ್ತಿರದಿಂದ ನೋಡಬೇಕು. ಕತ್ತು ಬಗ್ಗಿಸಿ, ಕೊಕ್ಕನ್ನು ತಲೆಕೆಳಗು ಮಾಡಿ ನೀರಿಗೆ ಅದ್ದುತ್ತದೆ. ನಾಲಿಗೆ ಪಂಪಿನ ಹಾಗೆ ನೀರೆಳೆದು ಹೊರಗೆ ತಳ್ಳುತ್ತದೆ, ಸೆಕೆಂಡಿಗೆ ಹಲವು ಸಲ. ಕೊಕ್ಕಿನೊಳಗಿನ ಬಾಚಣಿಗೆಯಂಥ ಎಳೆಗಳಲ್ಲಿ ಪಾಚಿ ಸಿಕ್ಕಿಕೊಳ್ಳುತ್ತದೆ. ಕವಿಗಳ ಹಂಸ ಹಾಲು ನೀರು ಬೇರೆ ಮಾಡಿತೋ ಇಲ್ಲವೋ, ಇದಂತೂ ರಾಡಿಯಿಂದ ಊಟ ಸೋಸುತ್ತದೆ. ಗುಲಾಬಿ ಬಣ್ಣವೂ ಪಾಚಿಯದೇ. ಅದರಲ್ಲಿರುವ ಕ್ಯಾರೊಟಿನಾಯ್ಡ್ ಮೈಗೆ ಸೇರಿ ರೆಕ್ಕೆಗಿಳಿಯುತ್ತದೆ. ಮರಿಗಳು ಸುಮ್ನೆ ಬೂದು ಬೂದು.

2015ರಲ್ಲಿ ಇಲ್ಲಿನ ಸುಮಾರು 17 ಚದರ ಕಿಲೋಮೀಟರ್ ಜಾಗ ಅಭಯಾರಣ್ಯವಾಯಿತು. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕಾಂಡ್ಲಾ ಕಾಡು, ಉಳಿದದ್ದು ನೀರು. 2022ರಲ್ಲಿ ಜಗತ್ತಿನ ಮಹತ್ವದ ಜೌಗುಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಒಳ್ಳೆಯದೇ. ಆದರೆ ಗಡಿ ಎಳೆದದ್ದು ಹಕ್ಕಿಯ ಅರ್ಧ ದಿನಕ್ಕೆ ಮಾತ್ರ ಅನ್ನುವುದು ನನ್ನ ತಕರಾರು.

ಯಾಕೆಂದರೆ ಸಮುದ್ರ ದಿನಕ್ಕೆ ಎರಡು ಸಲ ಉಬ್ಬುತ್ತದೆ, ಹೆಚ್ಚುಕಮ್ಮಿ ಹನ್ನೆರಡೂವರೆ ಗಂಟೆಗೊಮ್ಮೆ. ಇಳಿತದಲ್ಲಿ ಕೆಸರು ತೆರೆದುಕೊಂಡಾಗ ಹಕ್ಕಿಗಳು ಖಾಡಿಯಲ್ಲಿ ಉಣ್ಣುತ್ತವೆ. ಉಬ್ಬರ ಬಂದರೆ ಆ ಕೆಸರು ಮುಳುಗುತ್ತದೆ. ಆಗ ಕಾಲೂರಿ ನಿಲ್ಲಲು ಬೇರೆ ಕಡೆ ತೆಳು ನೀರು ಬೇಕಲ್ವಾ? ಅದಕ್ಕೇ ಅವು ನೆರೂಲ್, ಸೀವುಡ್ಸ್, ಉರಣ್ ಕಡೆಯ ಜೌಗುಗಳಿಗೆ ಹಾರುತ್ತವೆ. ಅವು ಅಭಯಾರಣ್ಯದ ಗೆರೆಯಾಚೆ. ಅಂಥ ಜಾಗಕ್ಕೆ ಮಣ್ಣು ಸುರಿಯುವುದೇ ಬೇಡ. ಖಾಡಿಯ ನೀರು ಒಳಗೆ ಬರುವ ಕೊಳವೆ ಕಟ್ಟಿಕೊಂಡರೂ ಸಾಕು, ನೀರು ಒಣಗುತ್ತದೆ ಅಥವಾ ನಿಂತು ಕೊಳೆಯುತ್ತದೆ.

ಅತ್ತೆಗೆ ಇದನ್ನೆಲ್ಲ ವಿವರಿಸಬೇಕಾಗಲಿಲ್ಲ. ಹೊಳೆದಂಡೆಯವರು.

"ಭರ್ತಿಗೆ ನಮ್ಮ ದೋಣಿನೂ ಮೇಲೆ ಎಳೀತಿದ್ವಲ್ಲ, ಹಂಗೇ," ಅಂದರು.

ಸಂಜೆ ನೆರೂಲಿನ ಮನೆಯ ಬಾಲ್ಕನಿಯಲ್ಲಿ ಚಹಾ ಕುಡಿಯುತ್ತಿದ್ದೆವು. ಪಾಮ್ ಬೀಚ್ ರಸ್ತೆಯ ಕಾರುಗಳ ಮೇಲೆ ಗುಂಪೊಂದು ಹಾರಿ ಬಂತು, ಕತ್ತು ಮುಂದೆ, ಕಾಲು ಹಿಂದೆ ನೆಟ್ಟಗೆ. ಅತ್ತೆ ಕಪ್ಪು ಕೆಳಗಿಟ್ಟರು.

"ನೀರು ಏರ್ತು ಕಾಣ್ತದೆ."