ಅಹ್ಮದ್ ಖಾನ್ ಕೋಲ್ಕತ್ತಾಗೆ ಗೊತ್ತು, ಬೆಂಗಳೂರಿಗೆ ಯಾಕೆ ಗೊತ್ತಿಲ್ಲ?

ಪ್ರಶ್ನೆ: ಬೆಂಗಳೂರಿನಿಂದ ಒಲಿಂಪಿಕ್ಸ್‌ಗೆ ಹೋದ ಫುಟ್‌ಬಾಲ್ ಆಟಗಾರರು ಇದ್ದರಂತೆ. ಹಾಗಿದ್ದರೆ ಅವರ ಹೆಸರೇ ನಮಗೆ ಗೊತ್ತಿಲ್ಲವಲ್ಲ, ಯಾಕೆ?

ಇದ್ದರು, ಅದೂ ಒಬ್ಬಿಬ್ಬರಲ್ಲ. 1948ರ ಲಂಡನ್ ಒಲಿಂಪಿಕ್ಸ್ ತಂಡದಲ್ಲಿ ಅಹ್ಮದ್ ಖಾನ್, ರಾಮನ್, ಧನರಾಜ್ ಇದ್ದರು. 1956ರಲ್ಲಿ ಮೆಲ್ಬರ್ನ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ತಂಡದಲ್ಲಿ ಕೆಂಪಯ್ಯ ಇದ್ದರು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಮೊದಲ ಗೋಲು ಯಾರದ್ದು ಗೊತ್ತಾ? ಸಾರಂಗಪಾಣಿ ರಾಮನ್ ಅವರದ್ದು. 1948ರ ಜುಲೈ 31ರಂದು ಫ್ರಾನ್ಸ್ ವಿರುದ್ಧ ಹೊಡೆದದ್ದು. ನಮ್ಮವರಲ್ಲಿ ಹೆಚ್ಚಿನವರು ಅಂದು ಬರಿಗಾಲಲ್ಲಿ ಆಡಿದ್ದರು. ಸಿಕ್ಕ ಎರಡು ಪೆನಾಲ್ಟಿಗಳೂ ಕೈಬಿಟ್ಟುಹೋದವು, ಪಂದ್ಯ 1-2ರಲ್ಲಿ ಸೋತೆವು. ಇದನ್ನು ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ.

ಮರೆವಿನ ಕಾರಣ ತಿಳಿಯಬೇಕಾದರೆ ಅಹ್ಮದ್ ಖಾನ್ ಒಬ್ಬರನ್ನೇ ನೋಡಿದರೆ ಸಾಕು. 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಇಲ್ಲಿ ಆಟಕ್ಕೇನೂ ಕೊರತೆ ಇರಲಿಲ್ಲ. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಗೆ ಹೋಗಿ ರೋವರ್ಸ್ ಕಪ್ ಗೆದ್ದು ತಂದಿತ್ತು. ಆದರೆ ದೊಡ್ಡ ಕ್ಲಬ್, ತುಂಬಿದ ಮೈದಾನ ಬೇಕೆಂದರೆ ಕೋಲ್ಕತ್ತಾಗೇ ಹೋಗಬೇಕಿತ್ತು. ಅಹ್ಮದ್ 1949ರಲ್ಲಿ ಅಲ್ಲಿನ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ಅಲ್ಲಿನ ಐವರು ಫಾರ್ವರ್ಡ್‌ಗಳಿಗೆ ಜನ ಇಟ್ಟ ಹೆಸರು 'ಪಂಚಪಾಂಡವರು': ಅಹ್ಮದ್, ಧನರಾಜ್, ಅಪ್ಪಾರಾವ್, ವೆಂಕಟೇಶ್, ಸಾಲೇ. 1949, 1950, 1951, ಮೂರು ವರ್ಷ ಸತತವಾಗಿ ಐಎಫ್‌ಎ ಶೀಲ್ಡ್ ಟೂರ್ನಿ ಗೆದ್ದರು. ಚೆಂಡನ್ನು ಆಡಿಸುವ ರೀತಿ ನೋಡಿ ಅಹ್ಮದ್‌ಗೆ ಹಾವಾಡಿಗ ಎಂಬ ಹೆಸರೂ ಬಂತು.

ಹೀಗಾಗಿ ಅವರ ಕತೆ ಕೋಲ್ಕತ್ತಾದ ಮನೆಗಳಲ್ಲಿ ಅಪ್ಪನಿಂದ ಮಗನಿಗೆ ಹೋಯಿತು. ನಮ್ಮಲ್ಲಿ ಹೇಳುವವರೇ ಇರಲಿಲ್ಲ, ಏಕೆಂದರೆ ಆ ಆಟ ನೋಡಿದವರೇ ಇಲ್ಲಿ ಕಡಿಮೆ. ಟೀವಿ ಇಲ್ಲದ ಕಾಲ ಅಲ್ವಾ!

ನನಗೆ ಇನ್ನೂ ಮುಖ್ಯ ಅನ್ನಿಸುವುದು ಬೇರೆಯೇ. ಅಹ್ಮದ್ ಇನ್‌ಸೈಡ್ ಲೆಫ್ಟ್, ಅಂದರೆ ಎಡಬದಿಯ ಒಳಗಿನ ಫಾರ್ವರ್ಡ್. ಇಬ್ಬರು ಮೂವರನ್ನು ತಪ್ಪಿಸಿ ಚೆಂಡನ್ನು ಪಕ್ಕದವನ ಕಾಲಿಗೆ ತಂದುಕೊಡುವುದು ಅವರ ಕೆಲಸ. ಆಗೆಲ್ಲ ದಾಖಲೆಯಲ್ಲಿ ಉಳಿಯುತ್ತಿದ್ದದ್ದು ಗೋಲು ಹೊಡೆದವನ ಹೆಸರು ಮಾತ್ರ. 1951ರಲ್ಲಿ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲೂ ಅವರಿದ್ದರು. ಆದರೆ ಇರಾನ್ ವಿರುದ್ಧದ ಫೈನಲ್ ಎಂದರೆ ಒಂದೇ ಗೋಲು ಹೊಡೆದ ಮೇವಾಲಾಲ್ ನೆನಪಾಗುತ್ತಾರೆ. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ನಮ್ಮನ್ನು 10-1ರಿಂದ ಸೋಲಿಸಿತು. ನಮ್ಮ ಆ ಒಂದು ಗೋಲು ಅಹ್ಮದ್ ಅವರದ್ದೇ. ಪಂದ್ಯ ಮುಗಿಯಲು ಒಂದು ನಿಮಿಷ ಇದ್ದಾಗ ಹೊಡೆದರು. ಅಷ್ಟು ಹೊತ್ತಿಗೆ ಬೇರೆ ಯಾರಾದರೂ ಕೈಚೆಲ್ಲಿರುತ್ತಿದ್ದರು. ಜನರಿಗೆ ಮಾತ್ರ ಆ ಹತ್ತೇ ನೆನಪಿರುವುದು.

ಬೆಂಗಳೂರಿನ ಗೌತಮಪುರದಲ್ಲಿ ಪೆಲೆ ಪ್ರತಿಮೆ ಇದೆ. ಅಲ್ಲಿಯ ಜನಕ್ಕೆ ಫುಟ್‌ಬಾಲ್ ಅಂದರೆ ಅಷ್ಟು ಪ್ರೀತಿ. ಅಹ್ಮದ್ ಖಾನ್ 2017ರ ಆಗಸ್ಟ್‌ನಲ್ಲಿ, 90ನೇ ವಯಸ್ಸಿನಲ್ಲಿ, ಇದೇ ಊರಿನಲ್ಲಿ ತೀರಿಕೊಂಡರು.